ಹೋಗಿಬರುವ ವಿದ್ಯುತ್ತು ಒಂದೇ ಕಡೆಗೆ ಹರಿಯುವ ಬಗೆ

ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿ ಸೀಮೆಯಲ್ಲಿ ವಿದ್ಯುಚ್ಛಕ್ತಿಯ ಎರಡು ದೊಡ್ಡ ತವರುಗಳಿವೆ. ಆಲಮಟ್ಟಿಯಲ್ಲಿ ಕೃಷ್ಣೆಯ ನೀರು ಅಣೆಕಟ್ಟಿನಿಂದ ಧುಮುಕಿ ಯಂತ್ರಗಳನ್ನು ತಿರುಗಿಸುತ್ತದೆ. ಕೂಡಗಿಯಲ್ಲಿ ಕಲ್ಲಿದ್ದಲು ಉರಿದು, ಉಗಿಯಾಗಿ, ಅದೇ ಕೆಲಸವನ್ನು ಮಾಡುತ್ತದೆ. ಇಂಥ ತವರುಗಳೆಲ್ಲ ಒಂದೇ ತಂತಿಯ ಜಾಲಕ್ಕೆ ಶಕ್ತಿಯನ್ನು ಸುರಿಯುತ್ತವೆ. ಆ ಜಾಲದಿಂದಲೇ ಇಂಡಿ, ಸಿಂದಗಿ, ಮುದ್ದೇಬಿಹಾಳಗಳ ಮನೆಗಳೂ ಅಂಗಡಿಗಳೂ ಬೆಳಗುತ್ತವೆ. ಹೀಗೆ ಮನೆಗೆ ಬರುವ ವಿದ್ಯುತ್ತು ಒಂದೇ ದಿಕ್ಕಿನಲ್ಲಿ ಹರಿಯುವುದಿಲ್ಲ. ಅದು ಸೆಕೆಂಡಿಗೆ 50 ಸಲ ಮುಂದಕ್ಕೂ 50 ಸಲ ಹಿಂದಕ್ಕೂ ಚಲಿಸುತ್ತಿರುತ್ತದೆ. ಇದನ್ನೇ ಪರ್ಯಾಯ ವಿದ್ಯುತ್ಪ್ರವಾಹ ಎನ್ನುವೆವು.

ಆದರೆ ಆ ಮನೆಗಳಲ್ಲಿ ಇಂದು ಬಳಕೆಯಲ್ಲಿರುವ ಸಾಧನಗಳಲ್ಲಿ ಬಹುಭಾಗಕ್ಕೆ ಈ ಹೋಗಿಬರುವ ವಿದ್ಯುತ್ತು ಒಗ್ಗುವುದಿಲ್ಲ. ಮೊಬೈಲ್ ದೂರವಾಣಿ, ರೇಡಿಯೋ, ಎಲ್‌ಇಡಿ ದೀಪ, ವಿದ್ಯುತ್ತು ನಿಂತಾಗ ನೆರವಾಗುವ ಇನ್ವರ್ಟರಿನ ಬ್ಯಾಟರಿ, ಇವೆಲ್ಲಕ್ಕೂ ಒಂದೇ ದಿಕ್ಕಿನ ಪ್ರವಾಹ, ಎಂದರೆ ಏಕಮುಖ ಪ್ರವಾಹ, ಬೇಕು. ಬ್ಯಾಟರಿಗೆ ಪರ್ಯಾಯ ಪ್ರವಾಹವನ್ನು ನೇರವಾಗಿ ಹರಿಸಿದರೆ ಅರ್ಧ ತರಂಗದಲ್ಲಿ ನಡೆದ ರಾಸಾಯನಿಕ ಕ್ರಿಯೆಯನ್ನು ಇನ್ನರ್ಧ ಅಳಿಸಿಬಿಡುತ್ತದೆ. ಬ್ಯಾಟರಿ ಬಿಸಿಯಾಗುವುದೇ ಹೊರತು ತುಂಬುವುದಿಲ್ಲ. ಹಾಗಾದರೆ ಗೋಡೆಯ ಪ್ಲಗ್ಗಿಗೂ ಈ ಸಾಧನಗಳಿಗೂ ನಡುವೆ ನಿಂತು ಪ್ರವಾಹದ ದಿಕ್ಕನ್ನು ತಿದ್ದುವವರು ಯಾರು? ಆ ಕೆಲಸವನ್ನು ಮಾಡುವ ಸಾಧನಕ್ಕೆ ರೆಕ್ಟಿಫೈಯರ್ ಎಂದು ಹೆಸರು. ಕನ್ನಡದಲ್ಲಿ ಅದನ್ನು ದಿಷ್ಟಕಾರಿ ಎಂದು ಕರೆಯುವುದುಂಟು. ಅದರಲ್ಲಿಯೂ ಪೂರ್ಣತರಂಗ ದಿಷ್ಟಕಾರಿಯು ಎಷ್ಟು ಸರಳವಾದುದು, ಅದನ್ನು ನಂಬಿ ಎಷ್ಟು ದೊಡ್ಡ ಕೆಲಸಗಳು ನಡೆಯುತ್ತಿವೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಪರ್ಯಾಯ ಪ್ರವಾಹವೇ ಏಕೆ?

ಸಾಧನಗಳಿಗೆ ಏಕಮುಖ ಪ್ರವಾಹವೇ ಬೇಕಾದ ಮೇಲೆ ವಿದ್ಯುತ್ತನ್ನು ಹಾಗೆಯೇ ಕಳುಹಿಸಬಾರದೇಕೆ ಎಂದು ಓದುಗರು ಕೇಳಬಹುದು. ಇದಕ್ಕೆ ಉತ್ತರ ಟ್ರಾನ್ಸ್‌ಫಾರ್ಮರಿನಲ್ಲಿದೆ. ಶಕ್ತಿಯನ್ನು ದೂರಕ್ಕೆ ಸಾಗಿಸುವಾಗ ವೋಲ್ಟೇಜನ್ನು ಹೆಚ್ಚಿಸಿ ಪ್ರವಾಹವನ್ನು ತಗ್ಗಿಸಿದರೆ ತಂತಿಗಳಲ್ಲಿ ಶಾಖವಾಗಿ ಪೋಲಾಗುವ ಭಾಗ ಕಡಿಮೆಯಾಗುತ್ತದೆ. ವೋಲ್ಟೇಜನ್ನು ಹೀಗೆ ಏರಿಸಲು, ಊರನ್ನು ತಲಪಿದ ಮೇಲೆ ಇಳಿಸಲು ಟ್ರಾನ್ಸ್‌ಫಾರ್ಮರಿನಷ್ಟು ಸುಲಭವಾದ ಸಾಧನ ಬೇರೊಂದಿಲ್ಲ. ಆದರೆ ಬದಲಾಗುತ್ತಿರುವ ಕಾಂತಕ್ಷೇತ್ರವಿದ್ದರೆ ಮಾತ್ರ ಅದು ಕೆಲಸ ಮಾಡಬಲ್ಲುದು. ಆದುದರಿಂದ ಸಾಗಣೆಗೆ ಪರ್ಯಾಯ ಪ್ರವಾಹ, ಬಳಕೆಗೆ ಹಲವೆಡೆ ಏಕಮುಖ ಪ್ರವಾಹ ಎಂಬ ಏರ್ಪಾಡು ಬೆಳೆದುಬಂದಿದೆ.

ಮನೆಗೆ ಬರುವ ವೋಲ್ಟೇಜು 230 ಎಂದು ಹೇಳುವೆವಷ್ಟೆ. ಇದು ಶಾಖವನ್ನುಂಟುಮಾಡುವ ಸಾಮರ್ಥ್ಯವನ್ನು ಅಳೆದು ಹೇಳಿದ ಬೆಲೆ. ವಾಸ್ತವವಾಗಿ ವೋಲ್ಟೇಜು ಶೂನ್ಯದಿಂದ 325ರ ಶೃಂಗಕ್ಕೇರಿ, ಮತ್ತೆ ಶೂನ್ಯಕ್ಕಿಳಿದು, ವಿರುದ್ಧ ದಿಕ್ಕಿನಲ್ಲಿ ಮತ್ತೆ 325ಕ್ಕೇರಿ ಹಿಂದಿರುಗುತ್ತದೆ. ಈ ಪೂರ್ತಿ ಸುತ್ತಿಗೆ ಹಿಡಿಯುವ ಕಾಲ ಸೆಕೆಂಡಿನ 50ನೆಯ ಒಂದು ಭಾಗ.

ಕಪಿಲೆ ಬಾವಿಯ ಪಾಠ

ಪಂಪುಗಳು ಬರುವ ಮುನ್ನ ನಮ್ಮ ಹೊಲಗಳಿಗೆ ನೀರೆತ್ತುತ್ತಿದ್ದುದು ಕಪಿಲೆ. ಎತ್ತುಗಳು ಇಳಿಜಾರಿನಲ್ಲಿ ಮುಂದಕ್ಕೆ ನಡೆದಾಗ ತೊಗಲಿನ ಚೀಲ ನೀರು ತುಂಬಿಕೊಂಡು ಮೇಲೆ ಬರುತ್ತಿತ್ತು. ಅವು ಹಿಂದಕ್ಕೆ ಬಂದಾಗ ಬರಿದಾದ ಚೀಲ ಬಾವಿಗಿಳಿಯುತ್ತಿತ್ತು. ಎತ್ತುಗಳು ಹೋಗುತ್ತಿದ್ದುವು, ಬರುತ್ತಿದ್ದುವು. ಕಾಲುವೆಯ ನೀರು ಮಾತ್ರ ಯಾವಾಗಲೂ ಹೊಲದ ಕಡೆಗೇ ಹರಿಯುತ್ತಿತ್ತು. ಆದರೆ ಎತ್ತುಗಳು ಹಿಂದಿರುಗುವ ಹೊತ್ತಿನಲ್ಲಿ ನೀರು ಬರುತ್ತಿರಲಿಲ್ಲ. ಅರ್ಧತರಂಗ ದಿಷ್ಟಕಾರಿಯ ನಡತೆಯೂ ಹೀಗೆಯೇ.

ವಿದ್ಯುತ್ತಿನಲ್ಲಿ ಈ ಕೆಲಸಕ್ಕೆ ಡಯೋಡ್ ಎಂಬ ಒಂದೇ ಒಂದು ಚಿಕ್ಕ ಸಾಧನ ಸಾಕು. ಡಯೋಡು ತನ್ನ ಮೂಲಕ ಪ್ರವಾಹವನ್ನು ಒಂದು ದಿಕ್ಕಿನಲ್ಲಿ ಬಿಡುತ್ತದೆ, ವಿರುದ್ಧ ದಿಕ್ಕಿನಲ್ಲಿ ತಡೆಯುತ್ತದೆ. ಸೀಸದ ಅದುರಾದ ಗೆಲೀನಾ ಮುಂತಾದ ಹರಳುಗಳಿಗೆ ಈ ಗುಣವುಂಟೆಂದು ಜರ್ಮನಿಯ ಬ್ರೌನ್ ಎಂಬಾತನು 1874ರಲ್ಲಿ ಕಂಡುಕೊಂಡನು. ನಮ್ಮ ದೇಶದ ಜಗದೀಶಚಂದ್ರ ಬೋಸರು ಗೆಲೀನಾ ಹರಳನ್ನು ವಿದ್ಯುತ್ಕಾಂತ ತರಂಗಗಳನ್ನು ಗುರುತಿಸಲು ಬಳಸಿ, 1904ರಲ್ಲಿ ಅಮೆರಿಕದ ಪೇಟೆಂಟನ್ನು ಪಡೆದರು. ಅದೇ ವರ್ಷ ಇಂಗ್ಲೆಂಡಿನ ಫ್ಲೆಮಿಂಗ್ ನಿರ್ವಾತನಳಿಗೆಯ ಡಯೋಡನ್ನು ನಿರ್ಮಿಸಿದನು. ಇಂದು ನಾವು ಬಳಸುವುದು ಸಿಲಿಕಾನ್ ಎಂಬ ಅರೆವಾಹಕದಿಂದಾದ ಡಯೋಡು.

ಒಂದೇ ಡಯೋಡನ್ನು ಬಳಸಿದರೆ ಪ್ರವಾಹವೇನೋ ಏಕಮುಖವಾಗುತ್ತದೆ. ಆದರೆ ಪ್ರತಿಯೊಂದು ತರಂಗದ ಅರ್ಧಭಾಗ ಕೆಲಸಕ್ಕೆ ಬಾರದೆ ಉಳಿಯುತ್ತದೆ. 12 ವೋಲ್ಟಿನ ಟ್ರಾನ್ಸ್‌ಫಾರ್ಮರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ಶೃಂಗವು ಸುಮಾರು 17 ವೋಲ್ಟು. ಅರ್ಧತರಂಗದಿಂದ ದೊರೆಯುವ ಸರಾಸರಿ ಏಕಮುಖ ವೋಲ್ಟೇಜು ಸುಮಾರು 5.4 ಮಾತ್ರ. ಇನ್ನರ್ಧವನ್ನೂ ತಿರುಗಿಸಿ ಬಳಸಿಕೊಂಡರೆ ಅದು 10.8 ಆಗುತ್ತದೆ.

ಕಪಿಲೆಗೂ ಇದೇ ಪರಿಹಾರವುಂಟು. ಒಂದೇ ಬಾವಿಗೆ ಎರಡು ಜೋಡಿ ಎತ್ತುಗಳನ್ನು ಹೂಡಿ, ಒಂದು ಜೋಡಿ ಹಿಂದಿರುಗುವಾಗ ಇನ್ನೊಂದು ಎಳೆಯುವಂತೆ ಮಾಡಿದರೆ, ನೀರು ನಿಲ್ಲುವ ಹೊತ್ತೇ ಇರುವುದಿಲ್ಲ. ಹಳೆಯ ವಾಲ್ವ್ ರೇಡಿಯೋಗಳಲ್ಲಿ ಮಾಡುತ್ತಿದ್ದುದು ಇದನ್ನೇ. ಟ್ರಾನ್ಸ್‌ಫಾರ್ಮರಿನ ಸುರುಳಿಯ ನಟ್ಟನಡುವಿನಿಂದ ಒಂದು ತಂತಿಯನ್ನು ಹೊರತಂದು, ಎರಡು ತುದಿಗಳಿಗೆ ಎರಡು ಡಯೋಡುಗಳನ್ನು ಜೋಡಿಸುತ್ತಿದ್ದರು. ಒಂದೊಂದು ಅರ್ಧತರಂಗದಲ್ಲಿ ಒಂದೊಂದು ಡಯೋಡು ಸರದಿಯ ಮೇಲೆ ದುಡಿಯುತ್ತಿತ್ತು. ಆದರೆ ಇದರಲ್ಲಿ ಸುರುಳಿಯ ಅರ್ಧಭಾಗ ಯಾವಾಗಲೂ ಬಿಡುವಾಗಿರುತ್ತದೆ. ಅಷ್ಟೇ ಅಲ್ಲದೆ, ತಡೆದು ನಿಂತ ಡಯೋಡು ಶೃಂಗದ ಎರಡರಷ್ಟು ವೋಲ್ಟೇಜನ್ನು ಸಹಿಸಬೇಕಾಗುತ್ತದೆ.

ನಾಲ್ಕು ಡಯೋಡುಗಳ ಸೇತುವೆ

ಈ ಕುಂದುಗಳನ್ನು ಕಳೆಯುವ ಉಪಾಯವೇ ಸೇತುವೆ ಮಂಡಲ. ಪೋಲೆಂಡಿನ ಕರೋಲ್ ಪೊಲಾಕ್ 1895ರಲ್ಲಿ ಇದಕ್ಕೆ ಪೇಟೆಂಟನ್ನು ಕೋರಿದನು. 1897ರಲ್ಲಿ ಜರ್ಮನಿಯ ಲಿಯೋ ಗ್ರೇಟ್ಸ್ ಸ್ವತಂತ್ರವಾಗಿ ಇದನ್ನೇ ಕಂಡುಕೊಂಡು ಪ್ರಕಟಿಸಿದನು. ಆದುದರಿಂದ ಇದಕ್ಕೆ ಗ್ರೇಟ್ಸ್ ಮಂಡಲವೆಂದೂ ಹೆಸರುಂಟು.

ಕಾಗದದ ಮೇಲೆ ಒಂದು ವಜ್ರಾಕೃತಿಯನ್ನು ಬರೆದು, ಅದರ ನಾಲ್ಕು ಮೂಲೆಗಳಿಗೆ ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂದು ಹೆಸರಿಡೋಣ. ನಾಲ್ಕು ಬದಿಗಳಲ್ಲಿ ನಾಲ್ಕು ಡಯೋಡುಗಳಿರಲಿ. ಪೂರ್ವದಿಂದ ಉತ್ತರಕ್ಕೂ ಪಶ್ಚಿಮದಿಂದ ಉತ್ತರಕ್ಕೂ ಪ್ರವಾಹ ಹೋಗಬಹುದು, ಬರಲಾಗದು. ದಕ್ಷಿಣದಿಂದ ಪೂರ್ವಕ್ಕೂ ದಕ್ಷಿಣದಿಂದ ಪಶ್ಚಿಮಕ್ಕೂ ಹಾಗೆಯೇ. ಪರ್ಯಾಯ ವೋಲ್ಟೇಜನ್ನು ಪೂರ್ವ ಪಶ್ಚಿಮಗಳಿಗೆ ಕೊಟ್ಟು, ದೀಪವನ್ನೋ ಬ್ಯಾಟರಿಯನ್ನೋ ಉತ್ತರ ದಕ್ಷಿಣಗಳ ನಡುವೆ ಜೋಡಿಸೋಣ.

ಮೊದಲ ಅರ್ಧತರಂಗದಲ್ಲಿ ಪೂರ್ವವು ಧನವಾಗಿದ್ದರೆ, ಪ್ರವಾಹವು ಪೂರ್ವದಿಂದ ಉತ್ತರಕ್ಕೆ ಹೋಗಿ, ದೀಪದ ಮೂಲಕ ದಕ್ಷಿಣಕ್ಕಿಳಿದು, ಪಶ್ಚಿಮದಿಂದ ಹಿಂದಿರುಗುತ್ತದೆ. ಎರಡನೆಯ ಅರ್ಧದಲ್ಲಿ ಪಶ್ಚಿಮವು ಧನವಾಗುತ್ತದೆ. ಆಗ ಪ್ರವಾಹವು ಪಶ್ಚಿಮದಿಂದ ಉತ್ತರಕ್ಕೆ ಹೋಗಿ, ಮತ್ತೆ ದೀಪದ ಮೂಲಕ ದಕ್ಷಿಣಕ್ಕಿಳಿದು, ಪೂರ್ವದಿಂದ ಹಿಂದಿರುಗುತ್ತದೆ. ಗಮನಿಸಬೇಕಾದುದು ಇಷ್ಟೇ: ಪ್ರವೇಶದ ಬಾಗಿಲು ಪ್ರತಿಸಲವೂ ಬದಲಾಯಿತು, ಆದರೆ ದೀಪದೊಳಗೆ ಪ್ರವಾಹ ಎರಡು ಸಲವೂ ಉತ್ತರದಿಂದ ದಕ್ಷಿಣಕ್ಕೇ ಹರಿಯಿತು. ಇದೇ ಪೂರ್ಣತರಂಗ ದಿಷ್ಟೀಕರಣ.

ಇಲ್ಲಿ ಸುರುಳಿಯ ನಡುವಿನಿಂದ ತಂತಿಯನ್ನು ತರಬೇಕಾಗಿಲ್ಲ. ಪ್ರತಿಯೊಂದು ಡಯೋಡು ಸಹಿಸಬೇಕಾದ ವಿರುದ್ಧ ವೋಲ್ಟೇಜು ಶೃಂಗದಷ್ಟೇ. ಪ್ರವಾಹವು ಪ್ರತಿಸಲ ಎರಡು ಡಯೋಡುಗಳನ್ನು ದಾಟಬೇಕಾದುದರಿಂದ ಒಂದೊಂದರಲ್ಲಿ ಸುಮಾರು 0.7 ವೋಲ್ಟಿನಂತೆ 1.4 ವೋಲ್ಟು ಕಡಿಮೆಯಾಗುವುದು ನಿಜ. 17 ವೋಲ್ಟಿನ ಶೃಂಗ 15.6ಕ್ಕೆ ಇಳಿಯುತ್ತದೆ. ನಾಲ್ಕು ವಾಲ್ವುಗಳನ್ನು ಕಾಯಿಸಿ ಇಡುವುದು ದುಬಾರಿಯಾಗಿದ್ದ ಕಾಲದಲ್ಲಿ ರೇಡಿಯೋಗಳಲ್ಲಿ ಸೇತುವೆ ಅಪರೂಪವಾಗಿತ್ತು. ಸಿಲಿಕಾನ್ ಡಯೋಡುಗಳು ಅಗ್ಗವಾದ ಮೇಲೆ ಸೇತುವೆಯೇ ಎಲ್ಲೆಡೆ ನೆಲೆಯೂರಿತು.

ಏರಿಳಿತವನ್ನು ತಗ್ಗಿಸುವುದು

ಸೇತುವೆಯಿಂದ ಹೊರಬಂದ ಪ್ರವಾಹದ ದಿಕ್ಕು ಒಂದೇ ಆಗಿದ್ದರೂ ಅದರ ಬಲ ಒಂದೇ ಸಮನಾಗಿರುವುದಿಲ್ಲ. ಅದು ಸೆಕೆಂಡಿಗೆ 100 ಸಲ ಶೂನ್ಯಕ್ಕಿಳಿದು 100 ಸಲ ಶೃಂಗಕ್ಕೇರುತ್ತದೆ. ಕಪಿಲೆಯ ನೀರು ಚೀಲಚೀಲವಾಗಿ ಬಂದು ಸುರಿದರೂ, ಅದನ್ನು ಒಂದು ತೊಟ್ಟಿಯಲ್ಲಿ ತುಂಬಿಸಿ ತೂಬಿನಿಂದ ಬಿಟ್ಟರೆ ಕಾಲುವೆಯಲ್ಲಿ ಹರಿವು ಸಮನಾಗುತ್ತದೆಯಲ್ಲವೆ? ವಿದ್ಯುತ್ತಿನಲ್ಲಿ ಈ ತೊಟ್ಟಿಯ ಕೆಲಸವನ್ನು ಮಾಡುವುದು ಕೆಪಾಸಿಟರ್. ಶೃಂಗದ ಹೊತ್ತಿನಲ್ಲಿ ಅದು ತುಂಬಿಕೊಳ್ಳುತ್ತದೆ. ವೋಲ್ಟೇಜು ಇಳಿಯುವಾಗ ತಾನು ಕೂಡಿಟ್ಟುದನ್ನು ಬಿಟ್ಟುಕೊಡುತ್ತದೆ.

ಪೂರ್ಣತರಂಗದ ದೊಡ್ಡ ಲಾಭ ಇಲ್ಲಿ ಕಾಣುತ್ತದೆ. 100 ಮಿಲಿಆಂಪಿಯರ್ ಪ್ರವಾಹವನ್ನು ಬೇಡುವ ಒಂದು ಸಾಧನಕ್ಕೆ 1000 ಮೈಕ್ರೋಫ್ಯಾರಡಿನ ಕೆಪಾಸಿಟರನ್ನು ಜೋಡಿಸಿದ್ದೇವೆನ್ನೋಣ. ಎರಡು ಶೃಂಗಗಳ ನಡುವಣ ಅಂತರ ಸೆಕೆಂಡಿನ 100ನೆಯ ಒಂದು ಭಾಗ. ಅಷ್ಟರಲ್ಲಿ ಕೆಪಾಸಿಟರಿನ ವೋಲ್ಟೇಜು ಹೆಚ್ಚೆಂದರೆ 1 ವೋಲ್ಟು ಇಳಿಯುತ್ತದೆ. ಅರ್ಧತರಂಗವಾಗಿದ್ದರೆ ಅಂತರ ಎರಡರಷ್ಟಾಗುವುದರಿಂದ ಇಳಿತವೂ 2 ವೋಲ್ಟು. ಅಂದಮೇಲೆ ಪೂರ್ಣತರಂಗಕ್ಕೆ ಅರ್ಧದಷ್ಟು ತೊಟ್ಟಿ ಸಾಕು.

ಕೆಟ್ಟ ಸಾಧನವನ್ನು ದುರಸ್ತಿಮಾಡುವವರಿಗೂ ಈ ಲೆಕ್ಕದಿಂದ ಉಪಯೋಗವುಂಟು. ಸೇತುವೆಯ ಒಂದು ಡಯೋಡು ತುಂಡಾಗಿ ಪ್ರವಾಹವನ್ನು ಬಿಡದಂತಾದರೆ ಮಂಡಲ ಅರ್ಧತರಂಗಕ್ಕಿಳಿಯುತ್ತದೆ. ರೇಡಿಯೋದ ಗುಂಯ್‌ಗುಟ್ಟುವ ಸದ್ದು ಸೆಕೆಂಡಿಗೆ 100ರ ಕಂಪನದಿಂದ 50ಕ್ಕೆ, ಎಂದರೆ ಒಂದು ಸಪ್ತಕದಷ್ಟು ಕೆಳಗೆ, ಇಳಿದು ಜೋರಾಗುತ್ತದೆ. ಅದೇ ಡಯೋಡು ಎರಡೂ ದಿಕ್ಕಿಗೆ ಬಿಡುವಂತಾದರೆ ಟ್ರಾನ್ಸ್‌ಫಾರ್ಮರಿನ ತುದಿಗಳು ಅರ್ಧತರಂಗಕ್ಕೊಮ್ಮೆ ನೇರವಾಗಿ ಕೂಡಿ ಫ್ಯೂಸು ಹಾರಿಹೋಗುತ್ತದೆ. ಕಿವಿ ಮತ್ತು ಫ್ಯೂಸುಗಳೆರಡೂ ಹೀಗೆ ದೋಷವನ್ನು ತಿಳಿಸಬಲ್ಲುವು.

ಮೊಬೈಲಿನ ಚಾರ್ಜರಿನಲ್ಲಿ ಸೇತುವೆಯು ಟ್ರಾನ್ಸ್‌ಫಾರ್ಮರಿಗಿಂತ ಮೊದಲೇ ನಿಂತಿರುತ್ತದೆ. ಅದು 230 ವೋಲ್ಟಿನ ಪರ್ಯಾಯ ಪ್ರವಾಹವನ್ನು ಸುಮಾರು 320 ವೋಲ್ಟಿನ ಏಕಮುಖ ಪ್ರವಾಹವಾಗಿ ಮಾರ್ಪಡಿಸುತ್ತದೆ. ಬಳಿಕ ಅದನ್ನು ಸೆಕೆಂಡಿಗೆ ಹಲವು ಹತ್ತು ಸಾವಿರ ಸಲ ಕತ್ತರಿಸಿ, ಒಂದು ಪುಟ್ಟ ಟ್ರಾನ್ಸ್‌ಫಾರ್ಮರಿನಿಂದ ತಗ್ಗಿಸಿ, ಮತ್ತೊಮ್ಮೆ ದಿಷ್ಟೀಕರಿಸಿ 5 ವೋಲ್ಟನ್ನು ಪಡೆಯುತ್ತಾರೆ. ಪ್ಲಗ್ಗಿನಿಂದ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರಿನಲ್ಲಿ ಕೆಲಕಾಲ 300 ವೋಲ್ಟಿಗೂ ಮಿಕ್ಕ ವಿದ್ಯುತ್ತು ಉಳಿದಿರಬಹುದು. ಆದುದರಿಂದ ಕುತೂಹಲಕ್ಕೆಂದು ಚಾರ್ಜರನ್ನು ಬಿಚ್ಚುವುದು ಸರಿಯಲ್ಲ.

ತಿರುಗುವ ಗಾಲಿ ನಿಂತಂತೆ ಕಂಡಾಗ

ಎಲ್‌ಇಡಿ ದೀಪದೊಳಗೂ ಒಂದು ಸೇತುವೆಯಿರುತ್ತದೆ. ದೀಪ ಅಗ್ಗದ್ದಾಗಿ, ಏರಿಳಿತವನ್ನು ತಗ್ಗಿಸುವ ಏರ್ಪಾಡು ಸಾಲದಾದರೆ, ಬೆಳಕು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಬರಿಗಣ್ಣಿಗೆ ಇದು ತಿಳಿಯುವುದಿಲ್ಲ, ಅಪಾಯವಿರುವುದೂ ಅಲ್ಲಿಯೇ.

ಮೇವು ಕತ್ತರಿಸುವ ಯಂತ್ರದ ಮೋಟಾರಿಗೆ ನಾಲ್ಕು ಅರಗಳ ಗಾಲಿಯೊಂದಿದೆಯೆಂದು ಭಾವಿಸೋಣ. ಅದು ನಿಮಿಷಕ್ಕೆ 1500 ಸುತ್ತು ತಿರುಗಿದರೆ ಸೆಕೆಂಡಿಗೆ 25 ಸುತ್ತಾಯಿತು. ಒಂದೇ ಸ್ಥಾನವನ್ನು ಸೆಕೆಂಡಿಗೆ 100 ಅರಗಳು ದಾಟುತ್ತವೆ. ಬೆಳಕು ಮಿನುಗಿದಾಗಲೆಲ್ಲ ಆ ಸ್ಥಾನದಲ್ಲಿ ಒಂದು ಅರ ಇದ್ದೇ ಇರುವುದರಿಂದ ಗಾಲಿ ನಿಂತಿರುವಂತೆ ಕಾಣುತ್ತದೆ. ಇಂಥ ಮೋಟಾರುಗಳು ವಾಸ್ತವವಾಗಿ ಸ್ವಲ್ಪ ಹಿಂದೆ ಬಿದ್ದು 1440 ಸುತ್ತಿನ ಆಸುಪಾಸಿನಲ್ಲಿ ಓಡುತ್ತವೆ. ಆಗ ಗಾಲಿಯು ಸೆಕೆಂಡಿಗೆ ಒಂದು ಸುತ್ತಿನಂತೆ ಮೆಲ್ಲಗೆ ಹಿಂದಕ್ಕೆ ತಿರುಗುತ್ತಿರುವಂತೆ ತೋರುತ್ತದೆ. ರಾತ್ರಿಯ ಹೊತ್ತು ಕೊಟ್ಟಿಗೆಯಲ್ಲಿ ಅಥವಾ ಹಿಟ್ಟಿನ ಗಿರಣಿಯಲ್ಲಿ ಅದನ್ನು ನಂಬಿ ಕೈಚಾಚಿದವರ ಗತಿಯೇನು? ತಿರುಗುವ ಯಂತ್ರಗಳಿರುವೆಡೆ ಮಿನುಗದ ಉತ್ತಮ ದೀಪವನ್ನೇ ಹಾಕಬೇಕು; ಗಾಲಿಗೆ ಮುಚ್ಚಿಗೆಯೂ ಇರಬೇಕು.

ಕೂಡಗಿಯ ಹೊಗೆಗೊಳವೆ

ಮನೆಯ ಸಾಧನಗಳನ್ನು ಬಿಟ್ಟು ವಿದ್ಯುತ್ತಿನ ತವರಿಗೇ ಹೋಗೋಣ. ಕೂಡಗಿಯ ಉಷ್ಣ ವಿದ್ಯುತ್ ಸ್ಥಾವರದಲ್ಲಿ ತಲಾ 800 ಮೆಗಾವಾಟಿನ 3 ಘಟಕಗಳಿವೆ. 2018ರ ಹೊತ್ತಿಗೆ ಮೂರೂ ಕಾರ್ಯಾರಂಭ ಮಾಡಿದ್ದುವು. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 0.6 ಕಿಲೋಗ್ರಾಂ ಕಲ್ಲಿದ್ದಲು ಬೇಕೆಂದು ಇಟ್ಟುಕೊಂಡರೆ, ಪೂರ್ಣಬಲದಿಂದ ನಡೆಯುವ ಒಂದು ಘಟಕ ಗಂಟೆಗೆ 480 ಟನ್ ಕಲ್ಲಿದ್ದಲನ್ನು ಉರಿಸುತ್ತದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೆಯ ಒಂದು ಪಾಲಿನಷ್ಟು ಬೂದಿಯೆಂದು ಗಣಿಸಿದರೂ ಗಂಟೆಗೆ 160 ಟನ್ ಬೂದಿ! ಅದರ ಹೆಚ್ಚಿನ ಭಾಗ ಹಿಟ್ಟಿಗಿಂತ ನಯವಾದ ಹಾರುಬೂದಿ. ಅದನ್ನು ತಡೆಯದಿದ್ದರೆ ಸುತ್ತಲಿನ ಜೋಳದ ಹೊಲಗಳ ಮೇಲೂ ಊರವರ ಶ್ವಾಸಕೋಶಗಳಲ್ಲಿಯೂ ಅದು ಬೀಳದೆ ಇರದು.

ಕಲ್ಲಿದ್ದಲಿನ ಸ್ಥಾವರಗಳಲ್ಲಿ ಇದನ್ನು ಹಿಡಿಯುವುದು ಸ್ಥಿರವಿದ್ಯುತ್ ಬೂದಿಸಂಗ್ರಾಹಕ. ಹೊಗೆಯು ದೊಡ್ಡ ಲೋಹದ ಫಲಕಗಳ ನಡುವೆ ಹಾದುಹೋಗುತ್ತದೆ. ಫಲಕಗಳ ನಡುವೆ ತೂಗುವ ತಂತಿಗಳನ್ನು ಹಲವು ಹತ್ತು ಸಾವಿರ ವೋಲ್ಟಿನ ಋಣ ವೋಲ್ಟೇಜಿನಲ್ಲಿ ಇರಿಸಿರುತ್ತಾರೆ. ತಂತಿಯ ಸುತ್ತಣ ಅನಿಲವು ಅಯಾನುಗಳಾಗಿ ಒಡೆದು, ಬೂದಿಯ ಕಣಗಳು ಋಣವಿದ್ಯುತ್ತನ್ನು ಪಡೆದು, ಫಲಕಗಳ ಕಡೆಗೆ ಸೆಳೆಯಲ್ಪಟ್ಟು ಅಂಟಿಕೊಳ್ಳುತ್ತವೆ. ಆಗಾಗ್ಗೆ ಸುತ್ತಿಗೆಯಿಂದ ಫಲಕಗಳನ್ನು ಬಡಿದಾಗ ಬೂದಿ ಕೆಳಗಿನ ತೊಟ್ಟಿಗೆ ಉದುರುತ್ತದೆ.

ಇಲ್ಲಿ ಪರ್ಯಾಯ ವೋಲ್ಟೇಜನ್ನು ಕೊಟ್ಟರೆ ಏನಾಗುತ್ತದೆ? ಕಣವು ಫಲಕದ ಕಡೆಗೆ ಹೊರಟ ಮರುಕ್ಷಣವೇ ಹಿಂದಕ್ಕೆ ಎಳೆಯಲ್ಪಟ್ಟು, ನಡುವೆಯೇ ತುಯ್ದಾಡುತ್ತ ಹೊಗೆಯೊಡನೆ ಹೊರಬೀಳುತ್ತದೆ. ಅಂದರೆ ಬೂದಿಯನ್ನು ಹಿಡಿಯಲು ಏಕಮುಖ ವೋಲ್ಟೇಜು ಅನಿವಾರ್ಯ. ಈ ಉಪಾಯವನ್ನು ಕಾರ್ಖಾನೆಗಳಿಗೆ ತಂದ ಅಮೆರಿಕದ ಕಾಟ್ರೆಲ್ 1908ರಲ್ಲಿ ಪೇಟೆಂಟನ್ನು ಪಡೆದನು. ಅವನ ಕಾಲದಲ್ಲಿ ಅಷ್ಟು ವೋಲ್ಟೇಜನ್ನು ತಡೆಯುವ ಡಯೋಡುಗಳಿರಲಿಲ್ಲ. ತರಂಗದ ಲಯಕ್ಕೆ ಸರಿಯಾಗಿ ತಿರುಗುತ್ತ ಸಂಪರ್ಕಗಳನ್ನು ಅದಲುಬದಲು ಮಾಡುವ ಯಾಂತ್ರಿಕ ದಿಷ್ಟಕಾರಿಯನ್ನು ಅವನು ಬಳಸಿದನು. ಇಂದು ಎಣ್ಣೆಯ ತೊಟ್ಟಿಯಲ್ಲಿ ಮುಳುಗಿಸಿದ ಟ್ರಾನ್ಸ್‌ಫಾರ್ಮರು ಮತ್ತು ಸಿಲಿಕಾನ್ ಡಯೋಡುಗಳ ಸೇತುವೆ ಆ ಕೆಲಸವನ್ನು ಮಾಡುತ್ತವೆ.

ಏರಿಳಿತದ ಪ್ರಶ್ನೆ ಇಲ್ಲಿಯೂ ಉಂಟು. ವೋಲ್ಟೇಜು ಹೆಚ್ಚಿದಷ್ಟೂ ಬೂದಿ ಚೆನ್ನಾಗಿ ಹಿಡಿಯಲ್ಪಡುತ್ತದೆ. ಆದರೆ ಒಂದು ಮಿತಿಯನ್ನು ಮೀರಿದೊಡನೆ ತಂತಿಯಿಂದ ಫಲಕಕ್ಕೆ ಕಿಡಿ ಹಾರುತ್ತದೆ. ಕಿಡಿಯನ್ನು ನಿರ್ಧರಿಸುವುದು ಶೃಂಗ. ಬೂದಿಯ ಸಂಗ್ರಹಕ್ಕೆ ಸರಾಸರಿಯೂ ಹೆಚ್ಚಿರಬೇಕು. ಏರಿಳಿತ ಕಡಿಮೆಯಾದಷ್ಟೂ ಸರಾಸರಿಯನ್ನು ಶೃಂಗದ ಸಮೀಪಕ್ಕೆ ಒಯ್ಯಬಹುದು. 2015ರ ಡಿಸೆಂಬರಿನಲ್ಲಿ ಭಾರತ ಸರ್ಕಾರ ಹೊರಡಿಸಿದ ನಿಯಮದಂತೆ, 2017ರ ಜನವರಿ 1ರಿಂದೀಚೆಗೆ ಸ್ಥಾಪಿತವಾದ ಘಟಕಗಳ ಹೊಗೆಯಲ್ಲಿ ಘನಮೀಟರಿಗೆ 30 ಮಿಲಿಗ್ರಾಮಿಗಿಂತ ಹೆಚ್ಚು ಕಣಗಳಿರಕೂಡದು. ಇಂಥ ಕಟ್ಟುನಿಟ್ಟನ್ನು ಪಾಲಿಸಬೇಕಾದೆಡೆ ದಿಷ್ಟಕಾರಿಯ ಗುಣ ಪಠ್ಯಪುಸ್ತಕದ ವಿಷಯವಾಗಿ ಉಳಿಯದೆ, ಊರಿನ ಆರೋಗ್ಯದ ವಿಷಯವಾಗುತ್ತದೆ.

ಆಲಮಟ್ಟಿಯಿಂದ ಕೋಲಾರಕ್ಕೆ

ಆಲಮಟ್ಟಿಯ ವಿದ್ಯುದಾಗಾರದಲ್ಲಿ 55 ಮೆಗಾವಾಟಿನ 5 ಯಂತ್ರಗಳೂ 15 ಮೆಗಾವಾಟಿನ 1 ಯಂತ್ರವೂ ಸೇರಿ 290 ಮೆಗಾವಾಟ್ ಸಾಮರ್ಥ್ಯವಿದೆ. ಇಂಥ ಜನಕಯಂತ್ರದಲ್ಲಿ ನೀರಿನಿಂದ ತಿರುಗುವ ಭಾಗವು ಒಂದು ದೊಡ್ಡ ವಿದ್ಯುತ್ಕಾಂತ. ಅದರ ಧ್ರುವಗಳು ಬದಲಾಗದೆ ಇರಬೇಕಾದರೆ ಅದರ ಸುರುಳಿಗಳಿಗೆ ಏಕಮುಖ ಪ್ರವಾಹ ಬೇಕು. ಹಿಂದೆ ಇದಕ್ಕಾಗಿ ಪ್ರತ್ಯೇಕವಾದ ಪುಟ್ಟ ಡೈನಮೋ ಇರುತ್ತಿತ್ತು. ಇಂದು ದೊಡ್ಡ ಯಂತ್ರಗಳಲ್ಲಿ ಸಾಮಾನ್ಯವಾಗಿ, ಯಂತ್ರವೇ ಹುಟ್ಟಿಸಿದ ಪರ್ಯಾಯ ಪ್ರವಾಹದ ಒಂದಂಶವನ್ನು ದಿಷ್ಟೀಕರಿಸಿ ಅದಕ್ಕೇ ಉಣಿಸುತ್ತಾರೆ. ಮೊದಲ ಚಾಲನೆಗೆ ಬ್ಯಾಟರಿಯ ನೆರವು ಬೇಕು. ಆ ಬ್ಯಾಟರಿಯನ್ನು ತುಂಬಿಸುವುದೂ ದಿಷ್ಟಕಾರಿಯೇ. ಪರ್ಯಾಯ ಪ್ರವಾಹವು ಹುಟ್ಟುವುದಕ್ಕೂ ಏಕಮುಖ ಪ್ರವಾಹ ಬೇಕೆಂಬುದು ಸ್ವಾರಸ್ಯವಲ್ಲವೆ?

ಇಂಥ ದೊಡ್ಡ ಯಂತ್ರಗಳಲ್ಲಿ ಒಂದರ ಹಿಂದೊಂದರಂತೆ ಬರುವ ಮೂರು ತರಂಗಗಳನ್ನು ಆರು ದಿಷ್ಟಕಗಳ ಸೇತುವೆಗೆ ಕೊಡುವರು. ಒಂದು ತರಂಗ ಇಳಿಯುವಷ್ಟರಲ್ಲಿ ಇನ್ನೊಂದು ಏರಿರುವುದರಿಂದ ವೋಲ್ಟೇಜು ಶೂನ್ಯಕ್ಕೆ ಇಳಿಯುವುದೇ ಇಲ್ಲ. ಅದು ಸೆಕೆಂಡಿಗೆ 300 ಸಲ ಏರಿಳಿದರೂ ಶೃಂಗದ ನೂರಕ್ಕೆ 86ರಷ್ಟಕ್ಕಿಂತ ಕೆಳಗೆ ಹೋಗದು.

ಇದೇ ಆರು ಕಾಲಿನ ಸೇತುವೆ ಮೂಲಘಟಕವಾಗಿರುವ ಬೃಹತ್ ಕೇಂದ್ರವೊಂದು ನಮ್ಮ ರಾಜ್ಯದ ಕೋಲಾರದಲ್ಲಿದೆ. 1902ರಲ್ಲಿ ಶಿವನಸಮುದ್ರದ ಪರ್ಯಾಯ ವಿದ್ಯುತ್ತು ಸುಮಾರು 147 ಕಿಲೋಮೀಟರು ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ತಲಪಿ ಹೆಸರುಮಾಡಿತು. 2003ರಲ್ಲಿ ಒಡಿಶಾದ ತಾಲ್ಚೇರಿನಿಂದ 1,300 ಕಿಲೋಮೀಟರಿಗೂ ಮಿಕ್ಕ ದೂರವನ್ನು ದಾಟಿ ಕೋಲಾರಕ್ಕೆ ಬಂದುದು 500 ಕಿಲೋವೋಲ್ಟಿನ ಏಕಮುಖ ವಿದ್ಯುತ್ತು. ತಾಲ್ಚೇರಿನಲ್ಲಿ ದಿಷ್ಟೀಕರಿಸಿ ಕಳುಹಿಸಿದುದನ್ನು ಕೋಲಾರದಲ್ಲಿ ಮರಳಿ ಪರ್ಯಾಯ ಪ್ರವಾಹವನ್ನಾಗಿ ಮಾಡುವರು. ಅತಿದೂರದ ಸಾಗಣೆಯಲ್ಲಿ ಏಕಮುಖ ಪ್ರವಾಹವೇ ಮಿತವ್ಯಯವೆಂದು ಕಂಡುಬಂದಿರುವುದೇ ಇದಕ್ಕೆ ಕಾರಣ.

ಶಾಲೆಯಲ್ಲಿ ಮಾಡಬಹುದಾದ ಪ್ರಯೋಗ

ಇದನ್ನು ಕಣ್ಣಾರೆ ಕಾಣುವ ಒಂದು ಸುಲಭ ಪ್ರಯೋಗವನ್ನು ಸೂಚಿಸುತ್ತೇವೆ. ಉಪಾಧ್ಯಾಯರ ಸಮ್ಮುಖದಲ್ಲಿಯೇ ಇದನ್ನು ಮಾಡಬೇಕು; 230 ವೋಲ್ಟಿನ ಬದಿಯ ತಂತಿಗಳೆಲ್ಲ ಪೆಟ್ಟಿಗೆಯೊಳಗೆ ಭದ್ರವಾಗಿರಬೇಕು. 6 ವೋಲ್ಟಿನ ಟ್ರಾನ್ಸ್‌ಫಾರ್ಮರಿಗೆ ಒಂದು ಸಿಲಿಕಾನ್ ಡಯೋಡು, 1000 ಓಮಿನ ರೋಧಕ, ಒಂದು ಕೆಂಪು ಎಲ್‌ಇಡಿ, ಇವನ್ನು ಸಾಲಾಗಿ, ಎರಡೂ ಒಂದೇ ದಿಕ್ಕಿಗೆ ಪ್ರವಾಹವನ್ನು ಬಿಡುವಂತೆ ಜೋಡಿಸಿರಿ. ಉದ್ದನೆಯ ತಂತಿಯಿಂದ ಎಲ್‌ಇಡಿಯನ್ನು ಕತ್ತಲಲ್ಲಿ ವೇಗವಾಗಿ ಬೀಸಿದರೆ, ಬೆಳಕಿನ ಗೆರೆ ತುಂಡುತುಂಡಾಗಿ ಕಾಣುವುದು. ಒಂದು ಡಯೋಡಿಗೆ ಬದಲು ನಾಲ್ಕರ ಸೇತುವೆಯನ್ನಿಟ್ಟು ಅಷ್ಟೇ ವೇಗದಿಂದ ಬೀಸಿರಿ. ತುಂಡುಗಳ ಸಂಖ್ಯೆ ಎರಡರಷ್ಟಾಗಿ, ನಡುವಣ ಕತ್ತಲೆ ಕಿರಿದಾಗುವುದು. ಕೊನೆಗೆ ಸೇತುವೆಯ ಹೊರತುದಿಗಳಿಗೆ 25 ವೋಲ್ಟು ತಡೆಯುವ 1000 ಮೈಕ್ರೋಫ್ಯಾರಡಿನ ಕೆಪಾಸಿಟರನ್ನು ಧನಕ್ಕೆ ಧನ, ಋಣಕ್ಕೆ ಋಣ ಕೂಡುವಂತೆ ಜೋಡಿಸಿರಿ. ತಿರುವುಮುರುವಾದರೆ ಅದು ಸಿಡಿಯಬಹುದು. ಆಗ ಗೆರೆ ಎಲ್ಲಿಯೂ ಕಡಿಯದೆ ಅಖಂಡವಾಗಿ ಮೂಡುವುದು.

ಈ ಮೂರು ಗೆರೆಗಳಲ್ಲಿ ಅರ್ಧತರಂಗ, ಪೂರ್ಣತರಂಗ, ಸಮಗೊಂಡ ಏಕಮುಖ ಪ್ರವಾಹಗಳ ಇಡೀ ಕಥೆ ಅಡಗಿದೆ. ಕೆಲವೇ ರೂಪಾಯಿ ಬೆಲೆಯ ನಾಲ್ಕು ಡಯೋಡುಗಳಿಂದ ಪ್ರಯೋಗಶಾಲೆಯ ಮೇಜಿನ ಮೇಲೆ ಸಿದ್ಧವಾಗುವ ಈ ಸೇತುವೆಯೇ, ಗಾತ್ರದಲ್ಲಿ ಬೆಳೆದು, ಹೊಗೆಗೊಳವೆಯ ಬೂದಿಯನ್ನೂ ತಡೆಯುತ್ತದೆ, ರಾಜ್ಯದಿಂದ ರಾಜ್ಯಕ್ಕೆ ಶಕ್ತಿಯನ್ನೂ ಸಾಗಿಸುತ್ತದೆ. ಚಿಕ್ಕದನ್ನು ಕೈಯಾರೆ ಕಟ್ಟಿ ಅರಿತ ವಿದ್ಯಾರ್ಥಿಗೆ ದೊಡ್ಡದು ಅಪರಿಚಿತವಾಗಿ ಕಾಣಲಾರದು.